ಹೆಸರು ಅದೇ, ಅಳತೆ ಅದೇ

ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಡುವುದು ಹೇಳಿದಷ್ಟು ಸುಲಭವಲ್ಲ. ಬಚ್ಚಲಿಗೆ ಯಾರು ಮೊದಲು, ಹಾಲು ಉಕ್ಕಿಸಿದ್ದು ಯಾರು, ಚಿಲಕ ಹಾಕಬೇಕೋ ಬೇಡವೋ, ಎಲ್ಲದಕ್ಕೂ ಮಾತು ಬೇಕು. ಟಪಾಲಮ್ಮ ಮತ್ತು ಅವಳ ನಾದಿನಿ ಪುಟ್ಟಿ ಅದನ್ನೂ ಸಾಧಿಸಿ ತೋರಿಸಿದ್ದರು. ನಡುವೆ ಸಿಕ್ಕಿಕೊಂಡವನು ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ.

"ನಿಮ್ಮ ತಂಗಿಗೆ ಹೇಳಿ, ಬಿಸಿನೀರು ಖಾಲಿ ಅಂತ."

"ಅತ್ತಿಗೆಗೆ ಹೇಳಣ್ಣ, ನಂದು ತಣ್ಣೀರಲ್ಲೇ ಆಯ್ತು ಅಂತ."

ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಕೈಗೆ ಕೈ ತಾಗುವಷ್ಟು ಹತ್ತಿರ ನಿಂತಿರುತ್ತಿದ್ದರು. ಆ ಬಡಪಾಯಿ ಇಬ್ಬರ ಮುಖವನ್ನೂ ನೋಡಿ, ಕೇಳಿಸಿತಲ್ಲ ಎಂಬಂತೆ ತಲೆಯಾಡಿಸಿ ತಟ್ಟೆಗೆ ಕೈ ಹಾಕುತ್ತಿದ್ದ.

ಟಪಾಲಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ, ಕಚೇರಿಯವರು ಅಂಟಿಸಿದ್ದು. ದೊಡ್ಡ ದೊಡ್ಡ ಕ್ರೇನುಗಳನ್ನು ಬಾಡಿಗೆಗೆ ಕೊಡುವ ಕಂಪನಿ ಅದು. ಯಾವ ಭಾರವನ್ನು ಯಾವ ಕ್ರೇನು ಎಷ್ಟು ದೂರ ಚಾಚಿ ಹಿಡಿಯಬಹುದು ಎಂದು ಲೆಕ್ಕ ಹಾಕಿ ಒಂದು ಚಾರ್ಟು ಮಾಡುತ್ತಾರೆ. ಆ ಚಾರ್ಟನ್ನು ಕಚೇರಿಯಿಂದ ಹತ್ತಿಸಿಕೊಂಡು, ಅಂದರೆ ಅಪ್‌ಲೋಡ್ ಮಾಡಿಸಿಕೊಂಡು, ಸೈಟಿನಲ್ಲಿ ಕ್ರೇನು ನಡೆಸುವವರ ಟ್ಯಾಬಿಗೆ ಮೇಲ್ ಸಮೇತ ಮುಟ್ಟಿಸುವ ವೆಬ್ ಅಪ್ಲಿಕೇಶನ್ ಕಟ್ಟಿದವಳು ಇವಳೇ. ನೋಡಿಕೊಳ್ಳುವವಳೂ ಇವಳೇ. 'ಹೊಸ ಚಾರ್ಟು ಬಂದಿದೆ' ಎಂದು ದಪ್ಪಕ್ಷರದಲ್ಲಿ ಮೇಲ್ ಹೋಗುತ್ತದೆ. ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ, 'ಇದು ಯಂತ್ರ ಕಳಿಸಿದ ಪತ್ರ, ದಯವಿಟ್ಟು ಉತ್ತರಿಸಬೇಡಿ' ಎಂದಿರುತ್ತದೆ. ಸಣ್ಣಕ್ಷರ ಓದುವವರು ಲೋಕದಲ್ಲಿ ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ಪುಟ್ಟಿ ಅದೇ ಕಂಪನಿಯಲ್ಲಿ ಕ್ರೇನು ನಡೆಸುತ್ತಾಳೆ. ಹೆಸರಿಗೆ ಪುಟ್ಟಿ, ಆಳು ಬಾಗಿಲು ತುಂಬ. ಮನೆಯ ಮೆಟ್ಟಿಲ ಮೇಲೆ ಅವಳ ಬೂಟು ಬಿಟ್ಟರೆ ಇನ್ನೊಬ್ಬರ ಚಪ್ಪಲಿಗೆ ಜಾಗವಿರುವುದಿಲ್ಲ.

ಜಗಳ ಹುಟ್ಟಿದ್ದು ಊಟದ ಹೊತ್ತಿನಲ್ಲಿ.

"ಅತ್ತಿಗೆ, ನಿಮ್ಮ ಅಪ್ಲಿಕೇಶನ್ ದಿನಾ ಬೆಳಗ್ಗೆ ಅದೇ ಫೈಲನ್ನ ಮತ್ತೆ ಮತ್ತೆ ಎಳ್ಕೊಳ್ಳುತ್ತೆ" ಎಂದಿದ್ದಳು ಪುಟ್ಟಿ. "ಸೈಟಲ್ಲಿ ನೆಟ್ ಇರೋದೇ ಅಷ್ಟಕ್ಕಷ್ಟೆ. ಆ ಚಕ್ರ ಸುತ್ತೋದನ್ನ ನೋಡ್ತಾ ಕ್ಯಾಬಿನ್ನಲ್ಲಿ ಬೆಂದು ಹೋಗ್ತೀನಿ. ಇದನ್ನ ಮಾಡಿದೋರನ್ನ ಒಂದಿನ ಅಲ್ಲಿ ಕೂರಿಸ್ಬೇಕು."

"ಕಳಿಸೋರು ಒಂದನ್ನೇ ಹತ್ತು ಸಲ ಕಳಿಸಿದ್ರೆ ನಾನೇನು ಮಾಡ್ಲಿ? ತಪ್ಪು ಅವರದು."

"ನೋಡಿದ್ಯಾ ಅಣ್ಣ, ಮತ್ತೆ ಯಾರದೋ ತಪ್ಪು! ಅತ್ತಿಗೆ ಬಾಯಲ್ಲಿ 'ತಪ್ಪು ನಂದು' ಅನ್ನೋ ಮಾತು ಒಂದೇ ಒಂದ್ಸಲ ಬಂದುಬಿಡ್ಲಿ. ಎಂಥ ಭಾರ ಕೊಕ್ಕೇಲಿ ನೇತಾಡ್ತಿದ್ರೂ ಸರಿ, ಅಲ್ಲೇ ಕೆಳಗಿಟ್ಟು ಮನೆಗೆ ಬಂದು ಪಾತ್ರೆ ತೊಳೀತೀನಿ."

ಗಂಡ ನಕ್ಕುಬಿಟ್ಟ. ಅವನು ನಗದೇ ಇದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದರಲ್ಲಿ ನಿಜವಿತ್ತು, ಅದಕ್ಕೇ ನಗು ಬಂದಿತ್ತು, ಅದಕ್ಕೇ ಟಪಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ಕಚೇರಿಗೆ ಹೋದವಳೇ, ಯಾರನ್ನೂ ಕೇಳದೆ, ಸಿಟ್ಟಿನ ಕೈಯಲ್ಲಿ ಅಪ್ಲಿಕೇಶನ್ನಿಗೆ ಒಂದು ಹೊಸ ನಿಯಮ ಬರೆದಳು. ಹತ್ತಿಸುತ್ತಿರುವ ಫೈಲಿನ ಹೆಸರು ಮೊದಲೇ ಇರುವ ಫೈಲಿನದ್ದೇ ಆಗಿದ್ದು, ಅಳತೆಯೂ ಅಷ್ಟೇ ಇದ್ದರೆ, ಅದು ಹಳೆಯದೇ ಎಂದು ತಿಳಿ. ಮತ್ತೆ ಎಳೆಯಬೇಡ. ಸುಮ್ಮನೆ ಹಸಿರು ಬಣ್ಣದಲ್ಲಿ 'ಮುಟ್ಟಿತು' ಅಂತ ತೋರಿಸಿ, ಮೇಲ್ ಕಳಿಸಿಬಿಡು. ಅಳತೆ ಎಂದರೆ ಒಳಗಿರುವ ಅಕ್ಷರ, ಅಂಕಿ, ಖಾಲಿ ಜಾಗ ಎಲ್ಲ ಸೇರಿ ಎಷ್ಟು ಎಂಬ ಲೆಕ್ಕ. ಹೆಸರೂ ಅದೇ, ಅಳತೆಯೂ ಅದೇ ಅಂದಮೇಲೆ ಬೇರೆ ಹೇಗಾದೀತು? ಈಗ ಬರಲಿ ಬಾಯಿಗೆ ಬಂದದ್ದು ಅನ್ನಲು, ಎಂದುಕೊಂಡು ಕಾಫಿ ಕುಡಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದನ್ನು ಆಗ ಯಾರೂ ಅವಳಿಗೆ ನೆನಪಿಸಲಿಲ್ಲ.

ಅಂದಿನಿಂದ ಸೈಟುಗಳಿಗೆ ಚಾರ್ಟು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹೋಗತೊಡಗಿತು. ಪುಟ್ಟಿಯಿಂದ ಒಂದು ಒಳ್ಳೆಯ ಮಾತು ಬರಬಹುದೆಂದು ಟಪಾಲಮ್ಮ ಒಳಗೊಳಗೇ ಕಾದಳು. ಬರಲಿಲ್ಲ. ಬರದಿದ್ದಷ್ಟೂ ಅವಳ ಮುಖ ಇನ್ನಷ್ಟು ಊದಿಕೊಂಡಿತು.

ಈಗ ಆ ಬೆಳಗಿಗೆ ಬರೋಣ.

ನಕ್ಷೆ ಮೇಷ್ಟ್ರು ತಮ್ಮ ಲೋಟ ಹಿಡಿದುಕೊಂಡು ಟಪಾಲಮ್ಮನ ಮೇಜಿನ ಹತ್ತಿರ ಬಂದರು. ಭಾರದ ಲೆಕ್ಕ ಹಾಕಿ ಚಾರ್ಟು ತಯಾರಿಸುವುದು ಅವರ ಕೆಲಸ. ಶಿಸ್ತಿನ ಮನುಷ್ಯ. ಒಂದು ಭಾರಕ್ಕೆ ಒಂದೇ ಫೈಲು, ಒಂದು ಫೈಲಿಗೆ ಒಂದೇ ಹೆಸರು ಎಂಬುದು ಅವರ ವ್ರತ. ಏನೇ ತಿದ್ದಿದರೂ ಹೆಸರು ಮುಟ್ಟುವುದಿಲ್ಲ. ಬೇರೆ ಹೆಸರಿಟ್ಟರೆ ಸೈಟಿನವರು ಹಳೆಯದನ್ನು ತೆರೆದು ಕೂರುತ್ತಾರೆ ಎಂದು ಅವರ ಭಯ. ಅದೂ ನ್ಯಾಯವಾದ ಭಯವೇ.

"ಬೆಳಗ್ಗೆ ಬೆಳಗ್ಗೆ ಗಂಡಾಂತರ ತಪ್ಪಿತು ಕಣಮ್ಮ" ಎಂದರು. "ಟ್ಯಾಂಕು ಎತ್ತುತ್ತಾರಲ್ಲ ಇವತ್ತು, ಆ ಜಾಗದ ಹಳೇ ನಕ್ಷೆ ಈಗ ಸಿಕ್ತು. ಕ್ರೇನಿನ ಬಲಗಾಲು ಊರಿರೋ ಕಡೆ ಕೆಳಗೆ ಒಂದು ಮುಚ್ಚಿದ ಮೋರಿ ಇದೆಯಂತೆ. ಮೇಲೆ ಮಣ್ಣು, ಒಳಗೆ ಪೊಳ್ಳು. ತೋಳು ಪೂರ್ತಿ ಚಾಚಿದಾಗ ಹದಿನೆಂಟು ಟನ್ನು ಅಂತ ಕೊಟ್ಟಿದ್ದೆ, ತಕ್ಷಣ ಹದಿಮೂರಕ್ಕೆ ಇಳಿಸಿ ಕಳಿಸ್ದೆ. ಟ್ಯಾಂಕು ಹದಿನಾರಿದೆ. ಇವತ್ತಿನ ಕೆಲಸ ನಿಲ್ಲಿಸ್ತಾರೆ, ಬಯ್ತಾರೆ, ಬಯ್ಕೊಳ್ಳಲಿ."

"ಸದ್ಯ" ಎಂದಳು ಟಪಾಲಮ್ಮ. ಆ ಸೈಟಿನಲ್ಲಿ ಕ್ರೇನು ನಡೆಸುವವಳು ಪುಟ್ಟಿ. ಮಾತು ಬಿಟ್ಟಿದ್ದರೂ ಎದೆ ಒಮ್ಮೆ ತಣ್ಣಗಾಯಿತು.

ಮೇಷ್ಟ್ರು ತಮಗೆ ಬಂದ ಮೇಲ್‌ನ ಪ್ರತಿಯನ್ನು ಫೋನಿನಲ್ಲಿ ತೆರೆದು, ತಮ್ಮ ಜಾಣತನವನ್ನು ತಾವೇ ಇನ್ನೊಮ್ಮೆ ನೋಡಲು ಕನ್ನಡಕ ಏರಿಸಿದರು. ಹುಬ್ಬು ಗಂಟಾಯಿತು.

"ಇದ್ಯಾಕಮ್ಮ, ಇಲ್ಲಿ ಹದಿನೆಂಟು ಅಂತಾನೇ ಇದೆ?"

ಅವಳು ಫೋನು ಕಸಿದುಕೊಂಡಂತೆ ತೆಗೆದುಕೊಂಡಳು. ಹೊಸ ಚಾರ್ಟು ಬಂದಿದೆ, ಎಂದಿತ್ತು ಮೇಲ್. ಒಳಗೆ ಹದಿನೆಂಟು.

"ನಾನು ಹತ್ತಿಸ್ದೆ, ಮುಟ್ಟಿತು ಅಂತ ಹಸಿರು ಬಂತು" ಎಂದು ಮೇಷ್ಟ್ರು ಪಾಪದವರ ಹಾಗೆ ಹೇಳಿದರು. "ಎಂಟು ಅಳಿಸಿ ಮೂರು ಬರೆದೆ, ಅಷ್ಟೇ. ಬೇರೇನೂ ಮುಟ್ಟಲಿಲ್ಲ."

ಎಂಟು ಅಳಿಸಿ ಮೂರು. ಒಂದು ಅಂಕಿ ಹೋಯಿತು, ಒಂದು ಅಂಕಿ ಬಂತು. ಹೆಸರು ಅದೇ, ಅಳತೆ ಅದೇ.

ಟಪಾಲಮ್ಮ ಬರೆದ ನಿಯಮ ಹೊಸ ಚಾರ್ಟನ್ನು ಹಳೆಯದೆಂದು ತಿಳಿದು ಬಾಗಿಲಲ್ಲೇ ತಡೆದಿತ್ತು.

"ಮೇಷ್ಟ್ರೇ, ಕೆಲಸ ಶುರುವಾಗಿದೆಯಾ?"

"ಈ ಹೊತ್ತಿಗೆ ಶುರುವಾಗಿರ್ಬೇಕು. ಆದ್ರೆ ಗಾಬರಿ ಬೇಡ, ಕ್ರೇನಿನಲ್ಲೇ ತೂಕ ನೋಡೋ ಯಂತ್ರ ಇದೆಯಲ್ಲ..." ಎಂದವರು ತಾವೇ ನಿಂತುಬಿಟ್ಟರು. ಕ್ರೇನಿಗೆ ತಾನು ಎತ್ತಿದ್ದರ ತೂಕ ಗೊತ್ತು. ಕಾಲಡಿಯ ನೆಲದ ಸುದ್ದಿ ಅದಕ್ಕೇನು ಗೊತ್ತು?

ಪುಟ್ಟಿಗೆ ಫೋನು ಮಾಡಿದಳು. ಮಾಡುವಾಗಲೇ ಗೊತ್ತಿತ್ತು, ಎತ್ತುವವರಿಲ್ಲ ಎಂದು. ಭಾರ ಎತ್ತುವ ದಿನ ಬೇಲಿಯೊಳಗೆ ಹೋಗುವ ಎಲ್ಲರ ಫೋನೂ ಗೇಟಿನ ಪೆಟ್ಟಿಗೆಯಲ್ಲಿ. ಕ್ರೇನಿನವಳಿಗೂ ಕೆಳಗೆ ನಿಂತು ಕೈಸನ್ನೆ ಕೊಡುವವನಿಗೂ ನಡುವೆ ಒಂದು ವೈರ್‌ಲೆಸ್ಸು, ಅದರೊಳಗೆ ಮೂರನೆಯವರು ಬಾಯಿ ಹಾಕುವಂತಿಲ್ಲ. ಹೊರಗಿನಿಂದ ಕ್ಯಾಬಿನ್ನಿಗೆ ಹೋಗುವ ದಾರಿ ಒಂದೇ, ಟಪಾಲಮ್ಮನ ಅಪ್ಲಿಕೇಶನ್.

ಮೇಷ್ಟ್ರು ತಮ್ಮ ಜಾಗಕ್ಕೆ ಓಡಿ, ತಿದ್ದಿದ ಫೈಲನ್ನು ಮತ್ತೆ ಹತ್ತಿಸಿದರು. "ಮುಟ್ಟಿತು ಅಂತಿದೆ ಕಣಮ್ಮ!" ಎಂದು ಅಲ್ಲಿಂದಲೇ ಕೂಗಿದರು.

"ಮುಟ್ಟಿಲ್ಲ, ಸುಳ್ಳು ಹೇಳುತ್ತೆ ಅದು! ಹತ್ತಿಸಬೇಡಿ, ಹಾಗೇ ಬಿಡಿ!"

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ಸುಖವಲ್ಲ. ಈಗ ಪುಟ್ಟಿಯ ಟ್ಯಾಬಿಗೆ ಹದಿನೆಂಟರ ಚಾರ್ಟು ಮೂರನೆಯ ಸಲ ಹೋಗಿರುತ್ತದೆ.

ಎಡಗೈಯಲ್ಲಿ ಗೇಟಿನ ಫೋನಿಗೆ ಕರೆ ಮಾಡಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಸರ್ವರ್ ತೆರೆದಳು. ಹಳೆಯ ಫೈಲನ್ನೇ ಅಳಿಸಿಬಿಟ್ಟರೆ ಹೊಸದು ಒಳಗೆ ಬರುತ್ತದೆ. ಅಳಿಸು ಎಂದಳು. ಆಗುವುದಿಲ್ಲ ಎಂದಿತು. ಕೆಲಸ ಶುರುವಾದ ಮೇಲೆ ಯಾರೂ ಚಾರ್ಟು ಅಳಿಸಬಾರದು, ನಾಳೆ ಏನಾದರೂ ಆದರೆ ಸಾಕ್ಷಿ ಬೇಕು ಎಂದು ಬೀಗ ಹಾಕಿದ್ದು ಯಾರು? ಅದೂ ಇವಳೇ. ಬೀಗ ತೆಗೆಯಲು ಸುರಕ್ಷತಾ ಅಧಿಕಾರಿಯ ಅನುಮತಿ ಬೇಕು, ಅವರು ರಜೆ. ಹೊಸ ನಿಯಮವನ್ನೇ ಕಿತ್ತು ಹಾಕೋಣವೆಂದರೆ ಇಡೀ ಅಪ್ಲಿಕೇಶನ್ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅಲ್ಲಿ ಆಗುವುದು ಆಗಿ ಹೋಗಿರುತ್ತದೆ. ಅತ್ತ ದರಿ, ಇತ್ತ ಪುಲಿ.

"ಹಲೋ" ಎಂದಿತು ಗೇಟು.

ಅಲ್ಲಿ ಕಾವಲಿಗಿದ್ದ ಮುದುಕನನ್ನು ಎಲ್ಲರೂ ಗೇಟಿನ ತಾತ ಎನ್ನುತ್ತಿದ್ದರು.

"ತಾತ, ಕ್ರೇನು ಕಾಣಿಸುತ್ತಾ ನಿಮಗೆ? ಟ್ಯಾಂಕು ಎತ್ತಿದ್ರಾ?"

"ಎತ್ತಿದ್ರು ತಾಯಿ, ಇಲ್ಲಿಂದ ಚೆನ್ನಾಗಿ ಕಾಣ್ತದೆ. ಈಗ ನೆಲ ಬಿಟ್ಟು ಒಂದಾಳೆತ್ತರ ಬಂದಿದೆ. ಹುಡುಗಿ ಏನು ಚೆಂದ ಎತ್ತುತ್ತಾಳೆ ಅಂತೀರಿ, ಹೂವು ಎತ್ತಿದ ಹಾಗೆ."

"ತೋಳು ಚಾಚಿದ್ದಾರಾ?"

"ಇಲ್ಲ ಇಲ್ಲ, ಇನ್ನೂ ಹತ್ರಾನೇ ಹಿಡ್ಕೊಂಡಿದ್ದಾಳೆ. ಗೋಡೆ ಮೇಲಕ್ಕೆ ಎತ್ಬೇಕು, ಆಮೇಲೆ ಬಲಕ್ಕೆ ತಿರುಗಿಸ್ಬೇಕು, ಆಮೇಲೆ ತಾನೇ ಚಾಚೋದು."

ಅಂದರೆ ಇನ್ನೂ ಸ್ವಲ್ಪ ಹೊತ್ತಿದೆ. ಭಾರ ಹತ್ತಿರವಿದ್ದಷ್ಟು ಹೊತ್ತು ಕಾಲಿಗೆ ಅಷ್ಟು ಒತ್ತಡವಿಲ್ಲ. ಬಲಕ್ಕೆ ತಿರುಗಿ ಚಾಚಿದ ಕ್ಷಣ ಭಾರವೆಲ್ಲ ಮೋರಿಯ ನೆತ್ತಿಯ ಮೇಲೆ.

"ತಾತ, ಹೋಗಿ ನಿಲ್ಲಿಸಿ. ಕಚೇರಿಯಿಂದ ಹೇಳಿದ್ದು ಅನ್ನಿ. ಚಾಚಬಾರದು, ನೆಲ ಪೊಳ್ಳಿದೆ."

ತಾತ ತಡವರಿಸಿದ. "ಫೋನಲ್ಲಿ ಯಾರು ಏನು ಹೇಳಿದ್ರೂ ಒಳಗೆ ಒಯ್ಯಬಾರದು, ಅಪ್ಲಿಕೇಶನ್ನಲ್ಲಿ ಬಂದದ್ದೇ ಮಾತು ಅಂತ ಇಲ್ಲಿ ಬೋರ್ಡು ಹಾಕಿದ್ದಾರಲ್ಲ ತಾಯಿ. ಅದರ ಕೆಳಗೆ ನಿಮ್ಮದೇ ಸಹಿ ಇದೆ."

ಇತ್ತು. ಯಾರೋ ತಮಾಷೆಗೆ ಫೋನು ಮಾಡಿ ಅರ್ಧಕ್ಕೆ ಕೆಲಸ ನಿಲ್ಲಿಸಿದ ಮೇಲೆ ಇವಳೇ ಹಟ ಹಿಡಿದು ಬರೆಸಿದ ಬೋರ್ಡು ಅದು. ಫೋನಿನ ಮಾತು ಗಾಳಿಮಾತು ಎಂದು ಸಭೆಯಲ್ಲಿ ಭಾಷಣ ಬಿಗಿದಿದ್ದಳು. ಚಪ್ಪಾಳೆಯೂ ಬಿದ್ದಿತ್ತು.

"ತಾತ" ಎಂದಳು. "ಮೇಲೆ ಕೂತಿರೋಳು ನನ್ನ ನಾದಿನಿ. ನಮ್ಮ ಮನೆ ಮಗು ಅದು. ಬೋರ್ಡು ಬೆಂಕಿಗೆ ಹಾಕಿ, ನಿಮ್ಮ ಕಾಲಿಗೆ ಬೀಳ್ತೀನಿ, ಓಡಿ."

"ಓಡೋ ಮಂಡಿ ಅಲ್ಲ ತಾಯಿ ಇದು. ನಡೀತೀನಿ" ಎಂದ ತಾತ. ಫೋನು ಇಡಲಿಲ್ಲ, ಮೇಜಿನ ಮೇಲೆ ಬಿಟ್ಟುಹೋದ. ಬಾಗಿಲು ಕಿರ್ರೆಂದದ್ದು ಕೇಳಿಸಿತು. ಆಮೇಲೆ ಬರೀ ಗಾಳಿ. ಗೇಟಿನಿಂದ ಕ್ರೇನಿನ ತನಕ ಗಟ್ಟಿ ಕಾಲಿನವರಿಗೇ ಸುಮಾರು ದೂರ. ಆ ಮುದುಕ ಮುಟ್ಟುವುದು ಯಾವಾಗ?

ಟಪಾಲಮ್ಮ ಪರದೆಗೆ ತಿರುಗಿದಳು. ಅಳಿಸಲಾಗದು, ನಿಲ್ಲಿಸಲಾಗದು. ಹೆಸರು ಬದಲಿಸಿದರೆ ಶುರುವಾದ ಕೆಲಸಕ್ಕೆ ಬೇರೆ ಹೆಸರಿನ ಚಾರ್ಟನ್ನು ಟ್ಯಾಬು ತೆಗೆದುಕೊಳ್ಳುವುದೇ ಇಲ್ಲ. ಹೆಸರು ಅದೇ ಇರಬೇಕು. ಹಾಗಾದರೆ ಅಳತೆ? ಅಳತೆ ಬೇರೆಯಾದರೆ ಸಾಕು! ಫೈಲಿನೊಳಗೆ ಒಂದು ಖಾಲಿ ಜಾಗ ಒತ್ತಿದರೂ ಸಾಕು. ಅಷ್ಟು ಸಣ್ಣ ಮಾತು ಇಷ್ಟು ಹೊತ್ತು ಹೊಳೆಯದ್ದಕ್ಕೆ ತನ್ನ ತಲೆಯ ಮೇಲೆ ತಾನೇ ಮೊಟಕಿಕೊಳ್ಳಬೇಕೆನಿಸಿತು.

"ಮೇಷ್ಟ್ರೇ, ಹದಿಮೂರರ ಫೈಲು ನನಗೆ ಕೊಡಿ!"

ಫೈಲು ತೆರೆದಳು. ಕೊನೆಗೆ ಹೋಗಿ ಒಂದು ಖಾಲಿ ಜಾಗ ಒತ್ತಲು ಬೆರಳೆತ್ತಿದವಳು ಹಾಗೇ ನಿಂತಳು.

ಮುಟ್ಟುತ್ತದೆ, ಸರಿ. ಪುಟ್ಟಿ ತೆರೆಯುತ್ತಾಳೆಯೇ? ಬೆಳಗಿನಿಂದ ಅದೇ ಹೆಸರಿನ, ಅದೇ ಹದಿನೆಂಟರ ಚಾರ್ಟು ಅವಳಿಗೆ ಮೂರು ಸಲ ಹೋಗಿದೆ. ಒಂದೇ ಫೈಲು ಹತ್ತು ಸಲ ಎಂದು ಬೈದವಳು ಅವಳು. ಹದಿನಾರು ಟನ್ನು ಕೊಕ್ಕೆಯಲ್ಲಿ ನೇತುಹಾಕಿಕೊಂಡಿರುವಾಗ ನಾಲ್ಕನೆಯದು ಬಂದರೆ, ಇನ್ನೊಂದು ಬಂತು ಎಂದು ಹೆಬ್ಬೆರಳಲ್ಲಿ ಆಚೆ ಸರಿಸಿಬಿಡುತ್ತಾಳೆ. ಟ್ಯಾಬಿನ ನೆತ್ತಿಯ ಮೇಲೆ ಕಾಣುವುದು ಬಂದ ಮೇಲ್‌ನ ಮೊದಲ ಸಾಲು, ಚಾರ್ಟಿನ ಮೊದಲ ಸಾಲು, ಅಷ್ಟೇ. ಆ ಸಾಲು ಅವಳ ಕೈಯನ್ನು ಹಿಡಿದು ನಿಲ್ಲಿಸಬೇಕು. ಅಪಾಯ ಎಂದು ಬರೆದರೆ? ಗಾಳಿ ಬೀಸಿದರೂ ಅಪಾಯ, ಮೋಡ ಬಂದರೂ ಅಪಾಯ ಎಂದು ದಿನಕ್ಕೊಂದು ಕಳಿಸಿ ಆ ಮಾತಿಗೆ ಬೆಲೆಯೇ ಉಳಿದಿಲ್ಲ.

ಏನು ಬರೆಯಬೇಕೆಂದು ಅವಳಿಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಪುಟ್ಟಿಯೇ ಹೇಳಿಕೊಟ್ಟಿದ್ದಳು.

ಮೇಲ್‌ನ ತಲೆಗೂ, ಚಾರ್ಟಿನ ತಲೆಗೂ ಒಂದೇ ಸಾಲು ಬರೆದಳು: 'ಪುಟ್ಟಿ, ತಪ್ಪು ನಂದು. ಚಾಚಬೇಡ, ಕೆಳಗಿಡು. ಅತ್ತಿಗೆ.'

ಹತ್ತಿಸಿದಳು. ಈ ಸಲ ಹಸಿರು ಥಟ್ಟನೆ ಬರಲಿಲ್ಲ. ಚಕ್ರ ಸುತ್ತಿತು. ಅದು ಸುತ್ತುವುದನ್ನು ನೋಡಿ ಯಾರಾದರೂ ಸಂತೋಷಪಟ್ಟಿದ್ದರೆ ಅದು ಅವಳೊಬ್ಬಳೇ ಇರಬೇಕು. ಸುತ್ತುತ್ತಿದೆ ಎಂದರೆ ನಿಜವಾಗಿ ಹೋಗುತ್ತಿದೆ. ಮುಟ್ಟಿತು.

ಇನ್ನು ಮೇಲ್. ಮೇಲ್ ಮುಟ್ಟಿದರೆ ಮಾತ್ರ ಟ್ಯಾಬು ಎಚ್ಚರಗೊಂಡು ಚಾರ್ಟು ಎಳೆದುಕೊಳ್ಳುತ್ತದೆ. ಮೇಲ್ ಹೊರಟಿತೇ ಎಂದು ನೋಡಿದರೆ ಅದು ಸಾಲಿನಲ್ಲಿ ನಿಂತಿತ್ತು. ಮುಂದೆ ದೊಡ್ಡ ಜಾತ್ರೆ. ಮ್ಯಾನೇಜರು ಈಗಷ್ಟೇ ಕಂಪನಿಯ ವಾರ್ಷಿಕೋತ್ಸವದ ಫೋಟೋಗಳನ್ನು, ತಾವು ಮೈಕು ಹಿಡಿದಿರುವುದು, ತಾವು ಹಾರ ಹಾಕಿಸಿಕೊಂಡಿರುವುದು, ತಾವು ದೀಪದ ಪಕ್ಕ ನಿಂತಿರುವುದು, ಎಲ್ಲವನ್ನೂ ಎಲ್ಲ ನೌಕರರಿಗೂ ಕಳಿಸಿದ್ದರು. ಒಂದೊಂದೂ ಆನೆ ಗಾತ್ರದ ಫೋಟೋ. ಅವುಗಳ ಹಿಂದೆ ಪುಟ್ಟಿಯ ಪ್ರಾಣ ಸರದಿ ಕಾಯುತ್ತಿತ್ತು.

ಟಪಾಲಮ್ಮ ಹಿಂದೆ ಮುಂದೆ ನೋಡಲಿಲ್ಲ. ಮ್ಯಾನೇಜರ ಹೆಸರು ಆರಿಸಿದಳು, ಅಷ್ಟೂ ಮೇಲುಗಳನ್ನು ಒಟ್ಟಿಗೇ ಅಳಿಸಿದಳು. ಅದಕ್ಕೆ ಮಾತ್ರ ಯಾರ ಬೀಗವೂ ಇರಲಿಲ್ಲ.

ಅದೇ ಗಳಿಗೆಗೆ ಮ್ಯಾನೇಜರು ಕೋಣೆಯಿಂದ ಹೊರಗೆ ಬಂದರು. "ಏನಮ್ಮ ಇದು, ನನ್ನ ಫೋಟೋ ಯಾರಿಗೂ ಬಂದಿಲ್ಲವಂತೆ?"

"ಬರಲ್ಲ ಸಾರ್. ನಾನೇ ಅಳಿಸ್ದೆ. ಆಮೇಲೆ ಬೈಯಿರಿ, ಈಗ ಸುಮ್ನಿರಿ."

ಮ್ಯಾನೇಜರಿಗೆ ಅವರ ಹೆಂಡತಿ ಬಿಟ್ಟು ಬೇರೆ ಯಾರೂ ಹಾಗೆ ಹೇಳಿರಲಿಲ್ಲವೋ ಏನೋ, ನಿಜಕ್ಕೂ ಸುಮ್ಮನಾದರು.

ಸಾಲು ಕರಗಿತು. ಹೋಯಿತು ಎಂದು ತೋರಿಸಿತು ಪರದೆ. ಹೋಯಿತು ಎಂದರೆ ಮುಟ್ಟಿತು ಎಂದಲ್ಲ, ಮುಟ್ಟಿತು ಎಂದರೆ ಓದಿದಳು ಎಂದಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿ ಇಷ್ಟು ಸಣ್ಣ ವಿಷಯ ಇವತ್ತು ಅವಳ ಕರುಳಿಗೆ ತಾಗಿತು. ಫೋನಿನಲ್ಲಿ ಬರೀ ಗಾಳಿ. ಮೇಷ್ಟ್ರು ಪಕ್ಕದಲ್ಲಿ ನಿಂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಾಫಿ ಯಾವಾಗಲೋ ಕೆನೆ ಕಟ್ಟಿತ್ತು. ಇಡೀ ಕಚೇರಿ ಏನೆಂದು ಗೊತ್ತಿಲ್ಲದೆಯೂ ಎದ್ದು ನಿಂತಿತ್ತು.

ಫೋನಿನಲ್ಲಿ ದೂರದಿಂದ ಒಂದು ಸದ್ದು ಬಂತು. ಭಾರವಾದದ್ದೇನೋ ನೆಲಕ್ಕೆ ತಾಗಿದ ಸದ್ದು.

ಟಪಾಲಮ್ಮ ಕಣ್ಣು ಮುಚ್ಚಿದಳು. ಅದು ಬಿದ್ದ ಸದ್ದೋ, ಇಟ್ಟ ಸದ್ದೋ ಇಲ್ಲಿ ಕೂತು ಹೇಗೆ ಹೇಳುವುದು? ಮೆಟ್ಟಿಲ ಮೇಲಿನ ಆ ದೊಡ್ಡ ಬೂಟುಗಳು ಕಣ್ಣಿಗೆ ಕಟ್ಟಿದವು. ನಿನ್ನೆ ರಾತ್ರಿ ಅವನ್ನು ಕಾಲಿನಿಂದ ಆಚೆಗೆ ದೂಡಿ ತನ್ನ ಚಪ್ಪಲಿ ಬಿಟ್ಟಿದ್ದಳು. ದೇವರೇ, ದಿನಾ ಅಲ್ಲೇ ಇರಲಿ, ದಾರಿಗೆ ಅಡ್ಡವಾಗಿಯೇ ಇರಲಿ, ಎಂದುಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ಕಿರ್ರೆಂದಿತು. ಯಾರೋ ಫೋನು ಎತ್ತಿಕೊಂಡರು. ಏದುಸಿರು.

"ತಾತ? ತಾತ, ಏನಾಯ್ತು ಹೇಳಿ!"

"ತಾತ ಅಲ್ಲ. ಅವರು ಅರ್ಧ ದಾರೀಲಿ ಮಂಡಿ ಹಿಡ್ಕೊಂಡು ಕೂತಿದ್ರು, ಎತ್ಕೊಂಡು ಬಂದೆ" ಎಂದಿತು ಆ ಕಡೆಯ ದನಿ. "ನಾನು."

ಟಪಾಲಮ್ಮ ಮೇಷ್ಟ್ರಿಗೆ ತಲೆಯಾಡಿಸಿ ತೋರಿಸಿದಳು. ಅವರು ಲೋಟ ಇಟ್ಟು ಕುರ್ಚಿಯ ಮೇಲೆ ಕುಸಿದರು. ಬೀಸುವ ದೊಣ್ಣೆ ತಪ್ಪಿತ್ತು.

"ತಿರುಗಿಸೋಕೆ ಶುರು ಮಾಡಿದ್ದೆ" ಎಂದಳು ಪುಟ್ಟಿ. ದನಿ ನಡುಗುತ್ತಿತ್ತು, ನಗಲು ನೋಡುತ್ತಿತ್ತು. "ಟ್ಯಾಬು ಕುಂಯ್ ಅಂತು. ಮತ್ತೆ ಅದೇ ಇರ್ಬೇಕು ಅಂತ ಸರಿಸೋಕೆ ಕೈ ಎತ್ತಿದೆ. ತಪ್ಪು ನಂದು ಅಂತ ಕಾಣಿಸ್ತು. ಅತ್ತಿಗೆ ಸುಮ್ನೆ ಹಾಗೆ ಬರೆಯೋರಲ್ಲ, ಪ್ರಪಂಚ ಮುಳುಗೋ ಹಾಗಿದ್ರೆ ಮಾತ್ರ ಅಂತ ಅಲ್ಲೇ ನಿಲ್ಲಿಸ್ದೆ, ವಾಪಸ್ ಎಳ್ದು ಕೆಳಗಿಟ್ಟೆ. ಇಳಿದು ನೋಡಿದ್ರೆ ಬಲಗಾಲಿನ ಕೆಳಗೆ ಹಾಕಿದ್ದ ಹಲಗೆ ಸೀಳಿಹೋಗಿದೆ, ಕಾಲು ಒಂದು ಗೇಣು ಒಳಗೆ ಹೋಗಿದೆ. ಇನ್ನು ಸ್ವಲ್ಪ ಚಾಚಿದ್ರೆ..."

"ಬೇಡ, ಹೇಳ್ಬೇಡ."

"ಆದ್ರೂ ಅತ್ತಿಗೆ, ಒಂದು ಕೇಳ್ಲಾ? ಬೆಳಗ್ಗೆ ಯಾಕೆ ಸರಿ ಅಂದ್ರಿ?"

"ನಾನು? ಯಾವಾಗ ಅಂದೆ?"

"ಬೆಳಗ್ಗೆ ಬರೆದು ಕೇಳಿದ್ನಲ್ಲ. ಅದಾದ ಮೇಲೆ ನೀವು ಹೊಸ ಚಾರ್ಟು ಕಳಿಸಿದ್ರಿ, ಅದರಲ್ಲೂ ಹದಿನೆಂಟೇ ಇತ್ತು. ಸರಿ, ಮೇಷ್ಟ್ರನ್ನ ಕೇಳಿಯೇ ಕಳಿಸಿದ್ದಾರೆ, ಮಾತು ಬಿಟ್ಟಿದ್ರೂ ಇದಕ್ಕೆ ಮಾತ್ರ ಉತ್ತರ ಕೊಟ್ರಲ್ಲ ಅಂತ ಧೈರ್ಯವಾಗಿ ಎತ್ತಿದೆ."

ಟಪಾಲಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. 'ದಯವಿಟ್ಟು ಉತ್ತರಿಸಬೇಡಿ' ಎನ್ನುವ ಆ ವಿಳಾಸಕ್ಕೂ ಒಂದು ಪೆಟ್ಟಿಗೆ ಇತ್ತು. ಇಲ್ಲದಿದ್ದರೆ ಮೇಲ್ ಹೋಗುವುದಿಲ್ಲವೆಂದು ಶುರುವಿನಲ್ಲಿ ಅವಳೇ ಮಾಡಿಟ್ಟಿದ್ದಳು. ಅದನ್ನು ತೆರೆದು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ತೆರೆದಳು.

ಮೇಲುಗಡೆ ಇದ್ದದ್ದು ಇವತ್ತಿನ ಬೆಳಗಿನದು. 'ಅತ್ತಿಗೆ, ಬಲಗಾಲಿನ ಹತ್ರ ನೆಲ ತುಳಿದ್ರೆ ಪೊಳ್ಳು ಸದ್ದು ಬರುತ್ತೆ. ಸೈಟಿನವರು ಚಾರ್ಟಲ್ಲಿ ಇದ್ರೆ ಸರಿ ಅಂತಾರೆ. ಹದಿನೆಂಟು ಸ್ವಲ್ಪ ಜಾಸ್ತಿ ಆಗಲ್ವಾ? ಮೇಷ್ಟ್ರನ್ನ ಒಂದ್ಸಲ ಕೇಳ್ತೀರಾ?'

ಅದರ ಕೆಳಗೆ ಇನ್ನೂ ಇದ್ದವು.

'ಅತ್ತಿಗೆ, ಉತ್ತರ ಬರೀದಿದ್ರೂ ಪರವಾಗಿಲ್ಲ. ಓದಿದ್ರೆ ಸಾಕು.'

'ಅಣ್ಣನ ಮುಂದೆ ಹಾಗೆ ಅನ್ನಬಾರದಿತ್ತು. ಮನೇಲಿ ನಿಮ್ಮ ಮುಖ ನೋಡಿ ಹೇಳೋಕೆ ಆಗ್ತಿಲ್ಲ. ಅದಕ್ಕೆ ಇಲ್ಲಿ.'

ಎಲ್ಲಕ್ಕಿಂತ ಕೆಳಗೆ ಇದ್ದದ್ದು, ಅವಳು ಸಿಟ್ಟಿನಲ್ಲಿ ಆ ನಿಯಮ ಬರೆದ ಮಾರನೆಯ ದಿನದ್ದು. 'ಅತ್ತಿಗೆ! ಫೈಲು ಈಗ ಥಟ್ ಅಂತ ಬರುತ್ತೆ. ನಾನು ಸುಮ್ನೆ ಅಂದಿದ್ದನ್ನ ನೀವು ಮನಸ್ಸಿಗೆ ಹಚ್ಕೊಂಡು ಮಾಡಿಬಿಟ್ರಲ್ಲ. ಇನ್ಮೇಲೆ ಯಾರಾದ್ರೂ ನಿಮ್ಮ ಅಪ್ಲಿಕೇಶನ್ ಬೈದ್ರೆ ನಾನೇ ಜಗಳಕ್ಕೆ ಹೋಗ್ತೀನಿ.'

ಅಕ್ಷರಗಳು ಮಂಜಾದವು. ಮನೆಯಲ್ಲಿ ಒಂದು ಒಳ್ಳೆಯ ಮಾತಿಗಾಗಿ ಮುಖ ಊದಿಸಿಕೊಂಡು ಕಾಯುತ್ತಿದ್ದಾಗ, ಆ ಮಾತು ಇಲ್ಲಿ, ಅವಳೇ ಕಟ್ಟಿದ ಪೆಟ್ಟಿಗೆಯಲ್ಲಿ ಬಂದು ಬಿದ್ದಿತ್ತು.

"ಅತ್ತಿಗೆ? ಲೈನಲ್ಲಿ ಇದ್ದೀರಾ?"

"ಇದ್ದೀನಿ ಪುಟ್ಟಿ. ನಿನ್ನ ಪತ್ರ ಓದ್ತಾ ಇದ್ದೀನಿ."

"ಯಾವುದು?"

"ಎಲ್ಲಾ. ಈಗ ಓದ್ತಾ ಇದ್ದೀನಿ."

ಆ ಕಡೆ ಗಾಳಿ, ತಾತನ ನರಳಾಟ, ದೂರದಲ್ಲಿ ಯಾರದೋ ಕೂಗು.

"ಅಂದ್ರೆ ಇಷ್ಟು ದಿನ ನೀವು ಓದೇ ಇರ್ಲಿಲ್ವಾ? ನಾನು... ನಿಮಗೆ ಇನ್ನೂ ಕೋಪ ಅಂದ್ಕೊಂಡು..." ಪುಟ್ಟಿಯ ದನಿ ಒಡೆಯಿತು. ಕ್ರೇನಿನ ಕಾಲು ಕುಸಿದಾಗ ಅಳದವಳು ಈಗ ಅಳುತ್ತಿದ್ದಳು.

ಟಪಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮ್ಯಾನೇಜರು, ಮೇಷ್ಟ್ರು, ಇಡೀ ಕಚೇರಿ ನೋಡುತ್ತಿದ್ದರೂ ಅವಳಿಗೆ ನಾಚಿಕೆಯಾಗಲಿಲ್ಲ.

"ಸಾಕು, ಅಳಬೇಡ. ತಾತನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಆಮೇಲೆ ಸೀದಾ ಮನೆಗೆ ಬಾ" ಎಂದಳು. "ಪಾತ್ರೆ ನಾನೇ ತೊಳೀತೀನಿ."